ಸತ್ತ ಎತ್ತಿನ ಗೂಟಕ್ಕೆ ಹೊಸ ಎತ್ತು

ಜೋಡಿಯೊಳಗಿನ ಒಂದು ಎತ್ತು ಸತ್ತಾಗ ಒಕ್ಕಲಿಗನು ಜೋಡಿಯನ್ನೇ ಕಳೆದುಕೊಂಡಂತೆ ಆಗುವುದು. ಉಳಿದ ಎತ್ತು ಎಷ್ಟು ಬಲಶಾಲಿಯಾಗಿದ್ದರೂ ಜೊತೆಯಿಲ್ಲದೆ ನೊಗಕ್ಕೆ ಬಾರದು. ಕೂರಿಗೆ, ಕುಂಟೆ, ಚಕ್ಕಡಿಗಳು ಅಂದಿನಿಂದಲೇ ಮೂಲೆ ಸೇರುವವು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆಯಾದ ಬೀಳಗಿಯ ಎರೆಭೂಮಿಯಲ್ಲಿ ಇದು ಸಣ್ಣ ಮಾತಲ್ಲ. ಎರೆಯು ಹದ ತಪ್ಪಿ ಒಣಗಿದರೆ ಬಿರುಕು ಬಿಡುವುದು. ಅತಿಯಾಗಿ ತೋಯ್ದರೆ ಕಾಲಿಡಗೊಡದು. ಇವೆರಡರ ನಡುವಣ ಕೆಲವೇ ದಿನಗಳಲ್ಲಿ ಬಿಳಿಜೋಳದ ಬಿತ್ತಿಗೆಯು ಮುಗಿಯಬೇಕು. ಪಶ್ಚಿಮ ದೇಶಗಳ ಬೇಸಾಯವು ಬಹುಕಾಲ ಕುದುರೆಯ ಹೆಗಲ ಮೇಲೆ ನಡೆದಂತೆ ಈ ಸೀಮೆಯ ಬೇಸಾಯವು ಎತ್ತಿನ ಹೆಗಲ ಮೇಲೆ ನಡೆದುಬಂದಿದೆ. ಟ್ರ್ಯಾಕ್ಟರು ಬಂದ ಮೇಲೂ ಎಡೆ ಹೊಡೆಯುವ ಕೆಲಸಕ್ಕೆ, ಸಣ್ಣ ಹಿಡುವಳಿಯ ಬಿತ್ತಿಗೆಗೆ, ಗೊಬ್ಬರಕ್ಕೆ ಎತ್ತನ್ನೇ ನಂಬಿದ ಮನೆಗಳು ಇನ್ನೂ ಇವೆ. ಅಂತಹ ಮನೆಯಲ್ಲಿ ಎತ್ತು ಸತ್ತ ದಿನ ಒಲೆ ಹೊತ್ತದಿದ್ದರೆ ಅದು ಆಶ್ಚರ್ಯವಲ್ಲ.

ಆದರೆ ಈ ದುಃಖದ ಬೆನ್ನಿಗೆ ಬರುವ ಅವಸರವು ಅನೇಕ ಸಲ ಎರಡನೆಯ ಹಾನಿಗೆ ಕಾರಣವಾಗುತ್ತದೆ. ಎತ್ತು ಸತ್ತ ವಾರದೊಳಗೆ ಒಡೆಯನು ಸಾಲ ಮಾಡಿ ಸಂತೆಗೆ ಹೋಗುವನು. ಸಿಕ್ಕುದನ್ನು ಕೊಂಡು ತರುವನು. ಮನೆಯ ಹೆಣ್ಣುಮಕ್ಕಳು ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು, ಆರತಿ ಬೆಳಗಿ ಒಳಗೆ ಕರೆದುಕೊಳ್ಳುವರು. ಇದು ಒಳ್ಳೆಯ ಸಂಪ್ರದಾಯ. ಇದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆಮೇಲೆ ನಡೆಯುವುದೇ ತಪ್ಪು. ಹೊಸ ಎತ್ತನ್ನು ಸತ್ತ ಎತ್ತಿನ ಗೂಟಕ್ಕೆ ಕಟ್ಟುವರು, ಅದೇ ಗೋದಲಿಯಲ್ಲಿ ಮೇವು ಹಾಕುವರು, ಮರುದಿನ ಮುಂಜಾನೆ ಉಳಿದ ಎತ್ತಿನೊಡನೆ ನೊಗಕ್ಕೆ ಹೂಡುವರು. ತಿಂಗಳು ಕಳೆಯುವಷ್ಟರಲ್ಲಿ ಎರಡರಲ್ಲೊಂದು ಕಾಯಿಲೆ ಬಿದ್ದರೆ ದೈವವನ್ನೋ, ದೃಷ್ಟಿಯನ್ನೋ, ಎತ್ತಿನ ಸುಳಿಯನ್ನೋ ದೂರುವರು. ಹೊಸ ಎತ್ತನ್ನು ಬರಮಾಡಿಕೊಳ್ಳುವ ಕೆಲಸವು ಆರತಿಯಿಂದ ಮುಗಿಯುವುದಿಲ್ಲ. ಅದು ಹಳೆಯ ಎತ್ತು ಏಕೆ ಸತ್ತಿತೆಂಬ ವಿಚಾರದಿಂದ ಆರಂಭವಾಗಿ, ಹೊಸದು ಉಳಿದ ಎತ್ತಿನೊಡನೆ ಹೆಜ್ಜೆ ಕೂಡಿಸುವವರೆಗೆ ನಡೆಯತಕ್ಕ ಕೆಲಸವಾಗಿದೆ. ಇಷ್ಟು ದಿನ ತಾಳುವ ಶಕ್ತಿಯು ಒಂದು ಮನೆಗೆ ಇರದಿದ್ದರೆ ಆ ಶಕ್ತಿಯನ್ನು ಕೊಡುವುದು ಊರಿನ ಕರ್ತವ್ಯ.

ಮೊದಲು ವಿಚಾರಿಸಬೇಕಾದುದು ಸಾವಿನ ಕಾರಣ. ಮುಂಜಾನೆ ಮೇಯ್ದ ಎತ್ತು ಸಂಜೆಗೆ ಸತ್ತು, ಹೊಟ್ಟೆ ಬೇಗನೆ ಉಬ್ಬಿ, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕರಿಯ ರಕ್ತವು ಸೋರುತ್ತಿದ್ದರೆ ನೆರಡಿ ರೋಗದ ಸಂಶಯವನ್ನು ತಾಳಬೇಕು. ಇಂತಹ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಎಳೆದೊಯ್ದು ಹಳ್ಳಕ್ಕೆ ಎಸೆಯಬಾರದು. ಗಾಳಿ ತಾಗಿದೊಡನೆ ಈ ರೋಗದ ಸೂಕ್ಷ್ಮಜೀವಿಗಳು ಗಟ್ಟಿಯಾದ ಕವಚದ ಬೀಜಾಣುಗಳಾಗಿ ಮಾರ್ಪಟ್ಟು ನೆಲದಲ್ಲಿ ಹತ್ತಾರು ವರ್ಷ ಜೀವ ಹಿಡಿದುಕೊಂಡಿರಬಲ್ಲವು. ಸುಣ್ಣದಂಶವುಳ್ಳ ಕ್ಷಾರದ ಮಣ್ಣು ಅವಕ್ಕೆ ಹೆಚ್ಚು ಅನುಕೂಲವಾದುದರಿಂದ ಎರೆಭೂಮಿಯವರು ವಿಶೇಷ ಎಚ್ಚರದಿಂದಿರಬೇಕು. ಸುಲಿದವನ ಕೈಗೆ ಹುಣ್ಣಾಗಿ ಅವನ ಪ್ರಾಣಕ್ಕೂ ಅಪಾಯ ಬರುವ ರೋಗವಿದು. ಕೂಡಲೆ ದನದ ದವಾಖಾನೆಗೆ ತಿಳಿಸಿದರೆ ಪಶುವೈದ್ಯರು ಕಿವಿಯಿಂದ ಹನಿ ರಕ್ತವನ್ನು ಗಾಜಿನ ಮೇಲೆ ಪಡೆದು ಪರೀಕ್ಷಿಸುವರು. ಹೆಣವನ್ನು ನೀರಿನ ನೆಲೆಯಿಂದ ದೂರದಲ್ಲಿ, ಆರು ಅಡಿಗೆ ಕಡಿಮೆಯಿಲ್ಲದ ಆಳದ ಕುಣಿಯಲ್ಲಿ ಹೂಳಬೇಕು, ಇಲ್ಲವೆ ಪೂರ್ತಿ ಸುಡಬೇಕು. ಆ ಸ್ಥಳಕ್ಕೆ ಬೇಲಿ ಹಾಕಿ ದನಗಳು ಮೇಯದಂತೆ ಮಾಡಬೇಕು.

ಮಳೆಗಾಲದ ಆರಂಭದಲ್ಲಿ ಗಂಟಲು ಬಾತು, ಉಸಿರು ಕಟ್ಟಿ ಸತ್ತರೆ ಅದು ಗಂಟಲು ಬೇನೆಯಾಗಿರಬಹುದು. ಎಳೆವಯಸ್ಸಿನ ಪುಷ್ಟ ಜನಾವರವು ತೊಡೆ ಇಲ್ಲವೆ ಹೆಗಲು ಬಾತು ಕುಂಟಿ, ಒತ್ತಿದರೆ ಚರಚರ ಸಪ್ಪಳವಾಗಿ ಸತ್ತಿದ್ದರೆ ಅದು ಚಪ್ಪೆ ಬೇನೆಯಾಗಿರಬಹುದು. ಇವೆರಡಕ್ಕೂ ಮಳೆಗಾಲದ ಮುಂಚೆಯೇ ಹಾಕಿಸತಕ್ಕ ಲಸಿಕೆಗಳುಂಟು. ಜೋಳದ ನಾಡಿನಲ್ಲಿ ಇನ್ನೊಂದು ಕಾರಣವನ್ನು ಮರೆಯಲಾಗದು. ಮಳೆ ಕೈಕೊಟ್ಟು ಬಾಡಿದ ಎಳೆಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆಜೋಳ ಇವುಗಳಲ್ಲಿ ಘೋರ ವಿಷವು ಹುಟ್ಟುತ್ತದೆ. ಹಗ್ಗ ಹರಿದುಕೊಂಡು ಹೋಗಿ ಅದನ್ನು ಮೇಯ್ದ ಎತ್ತು ಕೆಲವೇ ಹೊತ್ತಿನಲ್ಲಿ ಏದುಸಿರು ಬಿಟ್ಟು ಬೀಳುವುದು. ವೈದ್ಯರು ಬೇಗ ಬಂದರೆ ಚುಚ್ಚುಮದ್ದಿನಿಂದ ಬದುಕಿಸುವ ಆಸೆಯುಂಟು. ಕಬ್ಬಿನ ಹಂಗಾಮಿನಲ್ಲಿ ಮಿತಿಮೀರಿದ ಭಾರದ ಬಂಡಿ ಎಳೆದು ಸೋತ ಎತ್ತು, ಮೇವಿನೊಡನೆ ತಂತಿಯ ಚೂರು ನುಂಗಿದ ಎತ್ತು, ಹಾವು ಮುಟ್ಟಿದ ಎತ್ತು, ಹೀಗೆ ಕಾರಣಗಳು ಹಲವು. ಯಾವುದೇ ಇರಲಿ, ಕಾರಣ ತಿಳಿಯದೆ ಗೂಟ ತುಂಬಿದರೆ ಅದೇ ಕಾರಣವು ಹೊಸ ಎತ್ತಿಗಾಗಿಯೂ ಕಾದುಕೊಂಡಿರುವುದು.

ಕಾರಣವು ಅಂಟುರೋಗವಾಗಿದ್ದರೆ ಕೊಟ್ಟಿಗೆಯ ಶುದ್ಧಿಯು ಎರಡನೆಯ ಕೆಲಸ. ಉಳಿದ ಮೇವು, ಹಾಸಿದ ಕಸಗಳನ್ನು ತಿಪ್ಪೆಗೆ ಹಾಕದೆ ಸುಡಬೇಕು. ಗೋದಲಿಯನ್ನು ತಿಕ್ಕಿ ತೊಳೆದು, ಗೋಡೆಗೆ ಸುಣ್ಣ ಬಳಿದು, ಬಿಸಿಲು ಗಾಳಿ ಆಡುವಂತೆ ತೆರೆದಿಡಬೇಕು. ಸತ್ತ ಎತ್ತಿನ ಮೂಗುದಾರ, ಕೊರಳಹಗ್ಗಗಳನ್ನು ಹೊಸದಕ್ಕೆ ಹಾಕಬಾರದು. ಗೆಜ್ಜೆಸರವು ಪ್ರೀತಿಯದಾಗಿದ್ದರೆ ಲೋಹದ ಗೆಜ್ಜೆಗಳನ್ನು ಕುದಿಯುವ ನೀರಿನಲ್ಲಿ ತೊಳೆದಿಟ್ಟುಕೊಂಡು ಅವನ್ನು ಪೋಣಿಸಿದ ಚರ್ಮದ ಪಟ್ಟಿಯನ್ನು ಬದಲಿಸಬಹುದು. ನೆರಡಿ ರೋಗವೆಂದು ಗೊತ್ತಾದಲ್ಲಿ ಮಾತ್ರ ಇಷ್ಟರಿಂದ ಸಾಲದು; ವೈದ್ಯರು ಹೇಳಿದ ಔಷಧದಿಂದಲೇ ನೆಲ ಶುದ್ಧಿಯಾಗಬೇಕು, ಅವರು ಹೇಳುವವರೆಗೆ ಅಲ್ಲಿ ದನ ಕಟ್ಟಬಾರದು.

ಇನ್ನು ಕೊಳ್ಳುವ ಮಾತು. ಕೊಳ್ಳಲೇಬೇಕೇ ಎಂಬ ಪ್ರಶ್ನೆಯನ್ನು ಮೊದಲು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಜೋಡೆತ್ತು ಇಲ್ಲದ ಮನೆ ಒಕ್ಕಲಿಗನ ಮನೆಯಲ್ಲವೆಂಬ ಅಭಿಮಾನವು ದೊಡ್ಡದು. ಆದರೆ ಅಭಿಮಾನಕ್ಕೆ ಬಡ್ಡಿ ಕಟ್ಟುವ ಶಕ್ತಿಯಿಲ್ಲ. ವರ್ಷದಲ್ಲಿ ಕೆಲವೇ ದಿನ ಎತ್ತಿನ ಕೆಲಸವಿದ್ದು, ಉಳಿದ ದಿನಗಳಿಗೆ ಕಣಿಕೆ ಹೊಟ್ಟುಗಳನ್ನು ಕೊಂಡೇ ಹಾಕಬೇಕಾದ ಮನೆಯವರು ಬಾಡಿಗೆಯ ಟ್ರ್ಯಾಕ್ಟರಿನಿಂದಲೋ ನೆರೆಯವರ ಜೋಡಿಯಿಂದಲೋ ಕೆಲಸ ಸಾಗಿಸಿದರೆ ಅದರಲ್ಲಿ ಕೀಳ್ತನವಿಲ್ಲ. ಇದಕ್ಕೆ ವಿರುದ್ಧವಾಗಿ, ಸ್ವಂತ ಮೇವುಳ್ಳ, ಮನೆಯಲ್ಲಿ ದುಡಿಯುವ ಕೈಗಳುಳ್ಳ, ಸಾಲಿನ ಬೆಳೆಗೆ ಎರಡು ಮೂರು ಸಲ ಎಡೆ ಹೊಡೆಯುವ ಒಕ್ಕಲಿಗನಿಗೆ ಎತ್ತಿನ ಜೋಡಿಯು ಇಂದಿಗೂ ಲಾಭದ ಆಸ್ತಿಯೇ ಸರಿ. ಅಂಥವನು ಕೊಳ್ಳಲಿ, ಆದರೆ ಸತ್ತ ಎತ್ತಿನ ನೆನಪಿನಿಂದ ಕೊಳ್ಳದೆ ಉಳಿದ ಎತ್ತಿನ ಅಳತೆಯಿಂದ ಕೊಳ್ಳಲಿ.

ಈ ಅಳತೆಯ ಮಾತನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಈ ಸೀಮೆಯ ಸಂತೆಗಳಿಗೆ ಬರುವ ಹೆಸರಾಂತ ತಳಿಗಳು ಎರಡು. ಕೃಷ್ಣಾ ಕಣಿವೆಯ ತಳಿಯು ಸಾಂಗಲಿ, ಮಿರಜ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರ ಆಶ್ರಯದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡುದು. ಕಾಠಿಯಾವಾಡದ ಗೀರ, ಗುಜರಾತಿನ ಕಾಂಕ್ರೇಜ, ತೆಲುಗು ನಾಡಿನ ಓಂಗೋಲು ತಳಿಗಳ ರಕ್ತವನ್ನು ಮೈಸೂರು ಜಾತಿಯ ಅಂಶವುಳ್ಳ ಸ್ಥಳೀಯ ದನಗಳೊಡನೆ ಕೂಡಿಸಿ, ಜಿಗುಟಾದ ಎರೆಯಲ್ಲಿ ಭಾರವಾದ ನೇಗಿಲನ್ನು ಎಳೆಯಲೆಂದೇ ಅದನ್ನು ಬೆಳೆಯಿಸಿದರು. ದೊಡ್ಡ ಮೈ, ನಿಧಾನದ ನಡೆ, ಅಪಾರ ಬಲ ಇವು ಅದರ ಗುಣಗಳು. ಈಗ ಅಪ್ಪಟ ಎತ್ತುಗಳು ವಿರಳವಾಗಿವೆ. ಕಿಲಾರಿಯು ಸೊಲ್ಲಾಪುರ, ಸಾತಾರಾ, ಸಾಂಗಲಿಗಳ ಒಣ ಸೀಮೆಯಿಂದ ವಿಜಯಪುರದ ಕಡೆಗೆ ಹಬ್ಬಿದ ತಳಿ. ಬಿಗಿಯಾದ ಮೈ, ಉದ್ದವಾದ ಕೋಡು, ಚುರುಕಾದ ನಡೆ ಅದರ ಲಕ್ಷಣ. ಎರಡೂ ಉತ್ತಮವೇ. ಆದರೆ ಒಂದೇ ನೊಗದ ಕೆಳಗೆ ಅವೆರಡನ್ನೂ ಹೂಡಿದರೆ ಕಿಲಾರಿಯು ಮುಂದೆ ಜಗ್ಗುವುದು, ಕೃಷ್ಣಾ ಎತ್ತು ಹಿಂದೆ ಉಳಿಯುವುದು. ನೊಗವು ಓರೆಯಾಗಿ ಎರಡರ ಹೆಗಲೂ ಹುಣ್ಣಾಗುವುದು. ಎತ್ತು ತನ್ನ ತೂಕದ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಬಲವನ್ನು ದಿನವಿಡೀ ಹಾಕಬಲ್ಲುದು. 400 ಕಿಲೋ ತೂಕದ ಎತ್ತಿಗೆ 300 ಕಿಲೋದ ಜೊತೆ ತಂದರೆ ಇಬ್ಬರ ಎಳೆತದಲ್ಲಿ 10 ಕಿಲೋದಷ್ಟು ಅಂತರ ಬೀಳುವುದು; ಆ ಅಂತರವನ್ನು ಚಿಕ್ಕದು ತನ್ನ ಮೈ ಸವೆಸಿ ತುಂಬಬೇಕಾಗುವುದು. ಆದುದರಿಂದ ಎತ್ತರ, ತೂಕ, ನಡೆ ಈ ಮೂರರಲ್ಲಿ ಉಳಿದ ಎತ್ತಿಗೆ ಸರಿದೂಗುವುದನ್ನೇ ಆರಿಸಬೇಕು. ಬಣ್ಣವೂ ಕೋಡೂ ಆಮೇಲಿನ ಮಾತು.

ಬನಶಂಕರಿಯ ಜಾತ್ರೆಯಲ್ಲಾಗಲಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ವಾರದ ಸಂತೆಯಲ್ಲಾಗಲಿ ವಸ್ತ್ರದ ಮರೆಯಲ್ಲಿ ದಲಾಲನ ಬೆರಳು ಹಿಡಿಯುವ ಮುಂಚೆ ಎತ್ತಿನ ಬಾಯಿ ನೋಡುವ ರೂಢಿಯುಂಟು. ಸುಮಾರು ಎರಡೂವರೆ ವರ್ಷಕ್ಕೆ ಎರಡು ಹಲ್ಲು ಬಂದು, ಐದನೆಯ ವರ್ಷದ ಸುಮಾರಿಗೆ ಎಂಟು ಹಲ್ಲು ಬಂದು ಬಾಯಿ ಕೂಡುವುದು. ಮುದಿ ಎತ್ತಿಗೆ ಎರಡು ಹಲ್ಲಿನ ಹೋರಿಯನ್ನು ಜೊತೆ ಮಾಡುವುದಕ್ಕಿಂತ ಪಳಗಿದ ಆರು ಹಲ್ಲಿನದು ಲೇಸು. ಆದರೆ ಬಾಯಿ ನೋಡಿದರೆ ಸಾಲದು. ಹೆಗಲ ಮೇಲೆ ಹಳೆಯ ಬಾವು, ಗಂಟುಗಳಿವೆಯೋ ಕೈಯಾಡಿಸಿ ನೋಡಬೇಕು. ತಲೆಯನ್ನು ಪದೇ ಪದೇ ಕೊಡಹುವ, ಕೋಡು ಒಂದು ಕಡೆ ವಾಲಿದ, ಮೂಗಿನ ಒಂದೇ ಹೊಳ್ಳೆಯಿಂದ ರಕ್ತ ಸೋರುವ ಎತ್ತಿಗೆ ಕೋಡಿನ ಅರ್ಬುದವಿರಬಹುದು. ಗಟ್ಟಿ ನೆಲದಲ್ಲಿಯೂ ಉತ್ತ ನೆಲದಲ್ಲಿಯೂ ನಡೆಸಿ, ನೀರು ಕುಡಿಸಿ, ಮೆಲುಕು ಹಾಕುವುದನ್ನು ಕಂಡು ಕೊಳ್ಳಬೇಕು. ಸುಳಿಯ ಶುಭಾಶುಭಗಳಿಗಾಗಿ ಬೆಲೆಯನ್ನು ಏರಿಸುವ ಇಳಿಸುವ ರೂಢಿ ಹಿರಿಯರ ಕಾಲದಿಂದ ಬಂದುದು. ಅದರಲ್ಲಿ ನಂಬಿಕೆಯುಳ್ಳವರು ನೋಡಿಕೊಳ್ಳಲಿ. ಆದರೆ ಒಳ್ಳೆಯ ಸುಳಿಗಾಗಿ ಕುಂಟ ಕಾಲನ್ನು ಕ್ಷಮಿಸುವುದೂ, ಸುಳಿ ಸರಿಯಿಲ್ಲವೆಂದು ಗಟ್ಟಿಮುಟ್ಟಾದ ಎತ್ತನ್ನು ಬಿಡುವುದೂ ವ್ಯವಹಾರದ ಮಾತಲ್ಲ. ನೇಗಿಲನ್ನು ಎಳೆಯುವುದು ಹೆಗಲು ಮತ್ತು ಕಾಲು.

ಕೊಂಡು ತಂದ ಎತ್ತನ್ನು ಒಡನೆಯೇ ಹಳೆಯ ಕೊಟ್ಟಿಗೆಗೆ ಸೇರಿಸಬಾರದೆಂಬುದು ಈ ಲೇಖನದ ಮುಖ್ಯ ಮಾತು. ಹಿಂದಿನವರು ಹೆದರುತ್ತಿದ್ದ ದೊಡ್ಡರೋಗವು 2011ರಲ್ಲಿ ಇಡೀ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಇದು ಲಸಿಕೆಯೂ ಪ್ರತ್ಯೇಕತೆಯೂ ಗಳಿಸಿದ ಜಯ. ಆದರೆ ಕಾಲುಬಾಯಿ ಬೇನೆಯು ಹೋಗಿಲ್ಲ. 2019ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಚರ್ಮಗಂಟು ರೋಗವು 2022ರಲ್ಲಿ ಕರ್ನಾಟಕದ ದನಗಳನ್ನು ಬಹಳವಾಗಿ ಪೀಡಿಸಿತು. ಕಾಲುಬಾಯಿ ಬೇನೆಯ ಅಂಟು ತಗಲಿದ ಎರಡರಿಂದ ಹದಿನಾಲ್ಕು ದಿನಗಳಲ್ಲಿ ಲಕ್ಷಣ ತೋರುವುದು. ಚರ್ಮಗಂಟು ರೋಗಕ್ಕೆ 28 ದಿನಗಳವರೆಗೂ ಹಿಡಿಯಬಹುದು. ಸಂತೆಯಲ್ಲಿ ಆರೋಗ್ಯವಾಗಿ ಕಂಡ ಎತ್ತು ರೋಗವನ್ನು ಹೊತ್ತುಕೊಂಡೇ ಬಂದಿರಬಹುದೆಂದು ಇದರಿಂದ ತಿಳಿಯುವುದು. ಆದುದರಿಂದ ಹೊಸ ಎತ್ತನ್ನು ನಾಲ್ಕು ವಾರ ಪ್ರತ್ಯೇಕವಾದ ಛಪ್ಪರದಲ್ಲಿ, ಬೇರೆ ಬಾನಿಯ ನೀರು, ಬೇರೆ ಮೇವಿನಲ್ಲಿ ಇಡಬೇಕು. ಮನೆಯ ದನಗಳ ಚಾಕರಿ ಮುಗಿಸಿದ ಮೇಲೆ ಅದರ ಚಾಕರಿ ಮಾಡಬೇಕು, ಕೈಕಾಲು ತೊಳೆಯಬೇಕು. ಚರ್ಮಗಂಟು ರೋಗವನ್ನು ನೊಣ, ಸೊಳ್ಳೆ, ಉಣ್ಣೆಗಳು ಹರಡುವುದರಿಂದ ಅವುಗಳ ನಿವಾರಣೆಯೂ ನಡೆಯಬೇಕು. ಎತ್ತಿನ ಕಿವಿಯಲ್ಲಿ 12 ಅಂಕಿಗಳ ಓಲೆಯಿದೆಯೋ, ಲಸಿಕೆ ಹಾಕಿಸಿದ ದಾಖಲೆಯಿದೆಯೋ ಕೊಳ್ಳುವಾಗಲೇ ನೋಡಿಕೊಂಡು, ಇಲ್ಲದಿದ್ದರೆ ವೈದ್ಯರನ್ನು ಕೇಳಿ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಕಾಲುಬಾಯಿ ಬೇನೆಯ ಲಸಿಕೆಯನ್ನು ರೈತರಿಂದ ಹಣ ತೆಗೆದುಕೊಳ್ಳದೆ ಹಾಕುವರು.

ಇಲ್ಲಿ ಒಕ್ಕಲಿಗನು ಕೇಳುವ ಪ್ರಶ್ನೆಯು ನ್ಯಾಯವಾದುದು: “ಮಳೆಯು ನಾಲ್ಕು ವಾರ ಕಾಯುವುದೇ?” ಕಾಯುವುದಿಲ್ಲ. ಹದ ತಪ್ಪಿದರೆ ಒಂದು ವರ್ಷದ ಅನ್ನವೇ ತಪ್ಪಿತು. 1876–78ರ ಬರಗಾಲದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿದ್ದ ಈ ಸೀಮೆಯು, ಜನರಿಗೂ ದನಗಳಿಗೂ ಒಟ್ಟಿಗೆ ಬಂದ ವಿಪತ್ತನ್ನು ಕಂಡಿತು. ಎತ್ತು ಸತ್ತ ಮನೆಗೆ ಮಳೆ ಬಂದೂ ಬಾರದಂತೆಯೇ ಎಂಬುದು ಬರದ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಈ ಪ್ರಶ್ನೆಗೆ ಉತ್ತರವು ಒಬ್ಬ ಒಕ್ಕಲಿಗನ ಹತ್ತಿರ ಇಲ್ಲ, ಊರಿನ ಹತ್ತಿರ ಇದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ಅದನ್ನು ದುಡಿತದಿಂದಲೇ ತೀರಿಸಿಕೊಳ್ಳುವ ಮುಯ್ಯಿಯ ಪದ್ಧತಿಯು ಈ ನಾಡಿನ ಹಳೆಯ ಧರ್ಮ. ಎತ್ತು ಸತ್ತ ಮನೆಯ ಹೊಲಕ್ಕೆ ಊರಿನ ನಾಲ್ಕು ಜೋಡಿಗಳು ಒಂದು ದಿನ ಬಂದರೆ ಬಿತ್ತಿಗೆ ಮುಗಿಯುವುದು. ಒಂಟಿ ಎತ್ತುಳ್ಳ ಇಬ್ಬರಿದ್ದರೆ, ಎರಡೂ ಆರೋಗ್ಯವಾಗಿದ್ದಲ್ಲಿ, ಇಬ್ಬರೂ ಕೂಡಿ ಒಂದು ಜೋಡಿ ಹೂಡಬಹುದು. ಆದರೆ ಅಂಟುರೋಗದಿಂದ ಎತ್ತು ಸತ್ತ ಮನೆಯಲ್ಲಿ ಉಳಿದ ಎತ್ತನ್ನೂ ವೈದ್ಯರು ಹೇಳಿದಷ್ಟು ದಿನ ಬೇರೆಯವರ ದನದೊಡನೆ ಹೂಡಬಾರದು. ಟ್ರ್ಯಾಕ್ಟರುಳ್ಳ ಜಮೀನುದಾರರು ಅಂತಹ ಮನೆಯ ಬಿತ್ತಿಗೆಯನ್ನು ಮೊದಲು ಮಾಡಿಸಿಕೊಟ್ಟು ಬಾಡಿಗೆಯನ್ನು ರಾಶಿಯ ಕಾಲಕ್ಕೆ ತೆಗೆದುಕೊಂಡರೆ ಅವರಿಗೆ ನಷ್ಟವಿಲ್ಲ. ಇದು ದಾನವಲ್ಲ, ಒಂದು ಮನೆಯವರು ಅವಸರದಿಂದ ತಂದ ರೋಗವು ಊರ ದನಗಳಿಗೆಲ್ಲ ಹಬ್ಬದಂತೆ ಕಟ್ಟಿಕೊಂಡ ಒಡ್ಡು.

ನಾಲ್ಕು ವಾರಗಳು ವ್ಯರ್ಥವಾಗುವುದೂ ಇಲ್ಲ. ಆ ದಿನಗಳಲ್ಲಿ ಹೊಸ ಎತ್ತಿಗೆ ಮನೆಯ ಮೇವು ರೂಢಿಯಾಗಬೇಕು. ಹಸಿಯ ಮೇವಿನಲ್ಲಿ ಬೆಳೆದುದಕ್ಕೆ ಒಮ್ಮೆಲೆ ಒಣ ಕಣಿಕೆ ಹಾಕಿದರೆ, ಇಲ್ಲವೆ ಅಕ್ಕರೆಯಿಂದ ಹಿಂಡಿ ಹತ್ತಿಕಾಳುಗಳನ್ನು ಮಿತಿಮೀರಿ ಇಟ್ಟರೆ ಹೊಟ್ಟೆ ಕೆಡುವುದು. ಹೊಸದು ಹಳೆಯದರೊಳಗೆ ಸ್ವಲ್ಪ ಸ್ವಲ್ಪವಾಗಿ ಕೂಡಬೇಕು. ಒಡೆಯನ ದನಿ, ಕೈ, ಕೂಗುವ ಹೆಸರು ಅದಕ್ಕೆ ಪರಿಚಯವಾಗಬೇಕು. ಇದೇ ಕಾಲದಲ್ಲಿ ಉಳಿದ ಎತ್ತನ್ನೂ ನೋಡಿಕೊಳ್ಳಬೇಕು. ಜೊತೆಯ ದನವನ್ನು ದನ ಗುರುತಿಸುವುದು. ಅಗಲಿದಾಗ ಕೂಗುವುದು, ಮೇವು ಬಿಡುವುದು, ಬರಿದಾದ ಗೂಟದ ಕಡೆ ತಿರುಗಿ ನಿಲ್ಲುವುದು ಎತ್ತು ಸಾಕಿದವರೆಲ್ಲ ಕಂಡ ಸಂಗತಿ. ಮೂರು ದಿನದ ಮೇಲೂ ಮೇವು ಮುಟ್ಟದಿದ್ದರೆ ಅದನ್ನು ಬರಿಯ ಹಂಬಲವೆಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಸತ್ತ ಎತ್ತಿನ ರೋಗವೇ ಅದಕ್ಕೂ ತಗಲಿರಬಹುದು.

ಅವಧಿ ಮುಗಿದ ಮೇಲೆ ಎರಡನ್ನೂ ಕೋಡು ತಾಗದಷ್ಟು ಅಂತರದಲ್ಲಿ ಎದುರುಬದುರಾಗಿ ಕಟ್ಟಬೇಕು. ಕೆಲವು ದಿನಗಳಲ್ಲಿ ಮೂಸಿ ನೆಕ್ಕುವ ಸಲಿಗೆ ಬಂದೊಡನೆ ಹತ್ತಿರ ಹತ್ತಿರ ಕಟ್ಟಬಹುದು. ಆಮೇಲೆ ಬರಿಯ ನೊಗ, ಬಳಿಕ ಖಾಲಿ ಬಂಡಿ, ಬಳಿಕ ಹಗುರಾದ ಕುಂಟೆ, ಕೊನೆಗೆ ನೇಗಿಲು, ಈ ಕ್ರಮವು ತಪ್ಪಬಾರದು. ಹಳೆಯ ಎತ್ತು ಯಾವ ಪಕ್ಕದಲ್ಲಿ ದುಡಿಯುತ್ತಿತ್ತೋ ಅದೇ ಪಕ್ಕದಲ್ಲಿ ಅದನ್ನು ಉಳಿಸಬೇಕು. ಹೊಸದನ್ನು ಕೊಳ್ಳುವಾಗಲೇ ಅದು ಯಾವ ಪಕ್ಕಕ್ಕೆ ಪಳಗಿದೆಯೆಂದು ವಿಚಾರಿಸಿರಬೇಕು. ಹೊಸದು ಎಳೆಯದಾಗಿದ್ದರೆ ನೊಗದ ನಡುವಣ ಕಟ್ಟನ್ನು ಎರಡು ಬೆರಳಿನಷ್ಟು ಬಲಿಷ್ಠ ಎತ್ತಿನ ಕಡೆಗೆ ಸರಿಸಿದಲ್ಲಿ ಭಾರವು ಅದರ ಕಡೆಗೆ ಹೆಚ್ಚಿ ಎಳೆಯದಕ್ಕೆ ಕಡಮೆಯಾಗುವುದು. ಹೆಗಲು ಗಟ್ಟಿಯಾಗುವವರೆಗೆ ಮುಂಜಾನೆಯ ತಂಪಿನಲ್ಲಿ ಒಂದೆರಡು ತಾಸು ಮಾತ್ರ ದುಡಿಸಬೇಕು. ಬಾರುಕೋಲಿನಿಂದ ಕಲಿತ ಎತ್ತು ಬಾರುಕೋಲು ಕಂಡಾಗ ಮಾತ್ರ ನಡೆಯುವುದು. ದನಿಯಿಂದ ಕಲಿತದ್ದು ಕತ್ತಲೆಯಲ್ಲಿಯೂ ದಾರಿ ಬಿಡದು.

ಹಣದ ವಿಷಯದಲ್ಲಿ ಎರಡು ಮಾತು. ಎತ್ತು ಸತ್ತ ವಾರದಲ್ಲಿ ಮಾಡಿದ ಸಾಲವು ಹೆಚ್ಚಾಗಿ ಕೈಸಾಲ, ಅದರ ಬಡ್ಡಿಯೂ ಹೆಚ್ಚು. ನಾಲ್ಕು ದಿನ ತಡೆದು ಸಹಕಾರಿ ಸಂಘದಲ್ಲಿಯೋ ಬ್ಯಾಂಕಿನಲ್ಲಿಯೋ ವಿಚಾರಿಸಿದವನು ಬಡ್ಡಿಯಲ್ಲಿ ಉಳಿಸಿದ ಹಣದಿಂದ ಹಿಂಡಿ ಕೊಳ್ಳಬಹುದು. ಎರಡನೆಯದು ವಿಮೆ. ಹೊಸ ಎತ್ತಿಗೆ ವಿಮೆ ಮಾಡಿಸುವಾಗಲೇ ಉಳಿದ ಎತ್ತಿಗೂ ಮಾಡಿಸುವುದು ಜಾಣತನ. ಕಿವಿಯ ಓಲೆ ಬಿದ್ದುಹೋದರೆ ಕೂಡಲೆ ತಿಳಿಸಿ ಹೊಸದನ್ನು ಹಾಕಿಸಬೇಕು. ಓಲೆಯಿಲ್ಲದ ಎತ್ತಿಗೆ ವಿಮೆಯ ಹಣ ದೊರೆಯದು. ಸತ್ತಾಗ ಹೂಳುವ ಮುಂಚೆಯೇ ವೈದ್ಯರಿಗೂ ವಿಮೆಯವರಿಗೂ ಸುದ್ದಿ ಮುಟ್ಟಬೇಕು. ಕೊಂಡ ಚೀಟಿ, ಸಾಗಾಟದ ಕಾಗದಗಳನ್ನು ಜೋಪಾನವಾಗಿಡಬೇಕು.

ಊರ ಗೌಡರೂ ಹಿರಿಯರೂ ಜಮೀನುದಾರರೂ ಈ ವಿಷಯದಲ್ಲಿ ಮಾಡತಕ್ಕುದು ಬಹಳವಿಲ್ಲ, ಆದರೆ ಅವರಲ್ಲದೆ ಬೇರೆಯವರು ಮಾಡಲಾರರು. ಸತ್ತ ದನಗಳನ್ನು ಹೂಳಲು ಒಂದು ಸ್ಥಳವನ್ನು ಗೊತ್ತುಮಾಡಬೇಕು. ಆಲಮಟ್ಟಿ ಜಲಾಶಯದ ಹಿನ್ನೀರು ನದಿದಂಡೆಯ ಹೊಲಗಳನ್ನೂ ಗಾಯರಾಣಗಳನ್ನೂ ನುಂಗಿ ಅನೇಕ ಊರುಗಳು ಹೊಸ ನೆಲೆಗೆ ಬಂದಿರುವ ಈ ತಾಲೂಕಿನಲ್ಲಿ ಆ ಸ್ಥಳವು ಹಿನ್ನೀರಿಗೂ ಬಾವಿಗೂ ದೂರವಾಗಿರುವಂತೆ ನೋಡುವುದು ಅವಶ್ಯ. ಜಾತ್ರೆಯಿಂದ ಬಂದ ದನಗಳನ್ನು ನಾಲ್ಕು ವಾರ ಊರ ಕೆರೆಗೆ, ಊರ ಹಿಂಡಿಗೆ ಬಿಡಬಾರದೆಂಬ ಕಟ್ಟನ್ನು ಎಲ್ಲರೂ ಕೂಡಿ ಮಾಡಿಕೊಳ್ಳಬೇಕು. ಆ ಕಟ್ಟು ಮೊದಲು ಹಿರಿಯರ ಮನೆಯ ಎತ್ತಿಗೇ ಅನ್ವಯಿಸಬೇಕು. ಮಳೆಗಾಲದ ಮುಂಚೆ ಲಸಿಕೆಯ ದಿನವನ್ನು ದವಾಖಾನೆಯವರೊಡನೆ ಗೊತ್ತುಮಾಡಿ ಡಂಗುರ ಹೊಡೆಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಯುವ 1962 ಎಂಬ ಸಂಖ್ಯೆಯನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಬೇಕು. ಎತ್ತು ಸತ್ತ ಮನೆಗೆ ಯಾರ ಜೋಡಿ ಯಾವ ದಿನ ಹೋಗಬೇಕೆಂಬುದನ್ನು ಅದೇ ವಾರದಲ್ಲಿ ಕುಳಿತು ನಿಶ್ಚಯಿಸಬೇಕು.

ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಬಣ್ಣ ಬಳಿದು, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಣ್ಣಿನ ಎತ್ತುಗಳನ್ನು ಜೋಡಿಯಾಗಿ ಪೂಜಿಸುವ ನಾಡಿದು. ಇಲ್ಲಿ ಎತ್ತಿನ ಮೇಲಣ ಪ್ರೀತಿಗೆ ಕೊರತೆಯಿಲ್ಲ. ಆ ಪ್ರೀತಿಗೆ ನಾಲ್ಕು ವಾರದ ತಾಳ್ಮೆಯು ಕೂಡಬೇಕಾಗಿದೆ. ಹಾಗೆ ತಾಳಿದ ಮನೆಯವರು ಬರುವ ಸುಗ್ಗಿಗೆ ಒಂದು ಜೋಡಿಯನ್ನು ಪಡೆಯುವರು. ತಾಳದವರು ಮತ್ತೊಂದು ಬರಿದಾದ ಗೂಟವನ್ನು ನೋಡಬೇಕಾದೀತು.